ಕ್ಯಾಲೆಂಡರ್ ಹಿಂದಿನ ಪಾಸ್‌ವರ್ಡುಗಳು

ನಮ್ಮನೆ ಪಾಸ್‌ವರ್ಡೆಲ್ಲಾ ಇದ್ದಿದ್ದು ಅಡುಗೆಮನೆ ಗೋಡೇಲಿ. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಹಿಂದೆ ಖಾಲಿ ಜಾಗದಲ್ಲಿ ನಮ್ಮ ಯಜಮಾನ್ರು ಬರೆದಿಡೋರು. ಬೆಸ್ಕಾಂ, ಗ್ಯಾಸು, ಪಿಎಫ್, ಇನ್ಶೂರೆನ್ಸು, ಒಂದೂ ಬಿಟ್ಟಿರಲಿಲ್ಲ. ಜನವರಿಲಿ ಹೊಸ ಕ್ಯಾಲೆಂಡರ್ ಬಂತು. ಹಳೇದನ್ನ ನಾನೇ ಕೈಯಾರೆ ಹಳೇ ಪೇಪರ್‌ನವನಿಗೆ ಹಾಕ್ದೆ.

ಫೆಬ್ರವರಿಲಿ ಒಂದು ರಾತ್ರಿ ಇವರಿಗೆ ಎದೆನೋವು. ಯಲಹಂಕದಿಂದ ಹೆಬ್ಬಾಳದ ಕಡೆ ಆಸ್ಪತ್ರೆಗೆ ಓಡಿದ್ವಿ. ಕೌಂಟರಲ್ಲಿ ಪಾಲಿಸಿ ನಂಬರ್ ಕೇಳಿದ್ರು. ಅದಿರೋದು ಆ್ಯಪಲ್ಲಿ, ಪಾಸ್‌ವರ್ಡ್ ಗೊತ್ತಿಲ್ಲ. ಓಟಿಪಿ ಹೋಗ್ತಿದ್ದಿದ್ದು ಇವರ ಹಳೇ ನಂಬರಿಗೆ, ಅದು ಬಂದಾಗಿ ಎಷ್ಟೋ ಕಾಲ ಆಗಿತ್ತು. ತಮ್ಮನ ಹತ್ರ ಸಾಲ ಮಾಡಿ ಡೆಪಾಸಿಟ್ ಕಟ್ಟಿದೆ. ಬೆಳಿಗ್ಗೆ ಇವರು ಕಣ್ಣು ಬಿಟ್ರಲ್ಲ, ಆಗ ನಾನು ಮೊದಲು ಕೇಳಿದ್ದು "ಹೇಗಿದೀರಾ" ಅಂತಲ್ಲ, "ಪಾಸ್‌ವರ್ಡ್ ಏನು" ಅಂತ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೇಲಿ ಒಂಥರಾ ಆಗುತ್ತೆ.

ತಮ್ಮನ ಮಗಳು ಕಂಪ್ಯೂಟರ್ ಸೈನ್ಸ್ ಓದ್ತಿದಾಳೆ. "ಅತ್ತೆ, ನಾವೇ ಒಂದು ಪಾಸ್‌ವರ್ಡ್ ಡಬ್ಬಿ ಮಾಡೋಣ ಬನ್ನಿ" ಅಂದ್ಲು. ಭಾನುವಾರ ತಿಂಡಿ ಆದ್ಮೇಲೆ ಡೈನಿಂಗ್ ಟೇಬಲ್ ಮೇಲೇ ಲ್ಯಾಪ್‌ಟಾಪ್ ತೆಗೆದು ಪೈಥಾನಲ್ಲಿ ಬರೆಯೋಳು, ನಾನು ಪಕ್ಕದಲ್ಲಿ ಅವರೆಕಾಯಿ ಬಿಡಿಸ್ತಾ ಕೇಳೋಳು.

ಮೊದಲನೇ ಸಲ ಪಾಸ್‌ವರ್ಡನ್ನ ಮಾತ್ರ ಗುಪ್ತಲಿಪಿ ಮಾಡಿದ್ಲು. ಆ ಫೈಲನ್ನ ನೋಟ್‌ಪ್ಯಾಡಲ್ಲಿ ತೆಗೆದು ನೋಡಿದ್ರೆ, ಪಾಸ್‌ವರ್ಡ್ ಜಾಗದಲ್ಲಿ ಬರೀ ಗೀಚು, ಆದ್ರೆ ಬ್ಯಾಂಕಿನ ಹೆಸರು, ಯೂಸರ್‌ನೇಮು ಎಲ್ಲಾ ನೀಟಾಗಿ ಕಾಣ್ತಿತ್ತು. "ಏನೇ ಪುಟ್ಟಿ, ಒಡವೆನ ಬೀರುಲಿಟ್ಟು, ಒಳಗೇನೇನಿದೆ ಅಂತ ಬಾಗಿಲ ಮೇಲೆ ಬರೆದಂಗಾಯ್ತಲ್ಲ?" ಅಂದೆ. ಅವಳು ನಕ್ಕು, ಎಸ್‌ಕ್ಯೂಲೈಟ್ ಬದಲು ಎಸ್‌ಕ್ಯೂಎಲ್‌ಸೈಫರ್ ಹಾಕಿದ್ಲು. ಅದು ಡೇಟಾಬೇಸ್ ಫೈಲಿಗೆ ಪೂರ್ತಿ ಬೀಗ ಹಾಕುತ್ತೆ.

ಇದಕ್ಕೆಲ್ಲಾ ಒಂದೇ ಮಾಸ್ಟರ್ ಪಾಸ್‌ವರ್ಡ್. ಅದನ್ನ ಫೈಲಲ್ಲಿ ಎಲ್ಲೂ ಬರೆದಿಟ್ಟಿರಲ್ಲ. ನಾವು ಟೈಪ್ ಮಾಡಿದಾಗ ಅದರಿಂದ ಬೀಗದಕೈ ತಯಾರಾಗುತ್ತೆ, ಅದಕ್ಕೆ ಉಪ್ಪು ಬೇರೆ ಹಾಕ್ತಾರೆ! ತಮಾಷೆಯಲ್ಲ ಕಣ್ರೀ, ಅದರ ಹೆಸರೇ ಸಾಲ್ಟ್. ನಿಮ್ಮನೆ ನಮ್ಮನೆ ಪಾಸ್‌ವರ್ಡ್ ಒಂದೇ ಆಗಿದ್ರೂ ಉಪ್ಪು ಬೇರೆಯಾದ್ದರಿಂದ ಬೀಗದಕೈ ಬೇರೆ ಆಗುತ್ತೆ. ಆಮೇಲೆ ಅದನ್ನ 2,56,000 ಸಲ ರುಬ್ಬುತ್ತೆ. ನಮಗದು ಕಣ್ಣು ಮಿಟುಕಿಸೋ ಹೊತ್ತು. ಕಳ್ಳ ಒಂದೊಂದೇ ಊಹಿಸ್ಕೊಂಡು ಬಂದ್ರೆ ಪ್ರತಿ ಸಲವೂ ಅಷ್ಟೂ ರುಬ್ಬಬೇಕು. ಬೇಕಂತಲೇ ತಪ್ಪು ಪಾಸ್‌ವರ್ಡ್ ಹಾಕಿ ನೋಡಿದೆ. "ಈ ಫೈಲು ಡೇಟಾಬೇಸೇ ಅಲ್ಲ" ಅಂತು!

ಸೋಫಾ ಮೇಲೆ ಮಲಗಿದ್ದ ಇವರು ಆಗ ಕೇಳಿದ್ರು, "ಅದನ್ನ ನೀನೇ ಮರೆತ್ರೆ?"

ಇಬ್ರೂ ಸುಮ್ಮನಾದ್ವಿ. ಮರೆತ್ರೆ ಮುಗೀತು. ಓಟಿಪಿ ಇಲ್ಲ, ಕಸ್ಟಮರ್ ಕೇರ್ ಇಲ್ಲ, ಬರೆದ ಪುಟ್ಟಿ ಕೈಲೂ ಆಗಲ್ಲ. ಕ್ಯಾಲೆಂಡರ್ ಹೋದಾಗ ಆದ ಕಷ್ಟವೇ ಮತ್ತೆ ಬಂದು ಕೂತಂಗಾಯ್ತು.

ಅದಕ್ಕೆ ಹೀಗೆ ಮಾಡಿದ್ವಿ. ಹಾವು ಏಣಿ ಆಟದ ದಾಳ ತಂದೆ. ಐದು ಸಲ ಎಸೆದ್ರೆ ಒಂದು ಪದ. 7,776 ಪದದ ಪಟ್ಟೀಲಿ ಆ ನಂಬರಿಗೆ ಯಾವುದಿದೆಯೋ ಅದು. ಆರು ಪದ ಆಯ್ತು. ಮಕ್ಕಳ ಹೆಸರಲ್ಲ, ಗಾಡಿ ನಂಬರಲ್ಲ. ಕಾಗದದಲ್ಲಿ ಬರೆದು ಕವರಿಗೆ ಹಾಕಿ, ಅಂಟಿಸಿ, ಆರ್.ಟಿ. ನಗರದಲ್ಲಿರೋ ನಾದಿನಿ ಕೈಗೆ ಕೊಟ್ಟೆ. ಫೈಲಿನ ಕಾಪಿ ಪೆನ್‌ಡ್ರೈವಲ್ಲಿ ನಮ್ಮ ಲಾಕರಲ್ಲಿದೆ. ಕವರೊಂದೇ ಸಿಕ್ಕಿದ್ರೆ ಉಪಯೋಗವಿಲ್ಲ, ಪೆನ್‌ಡ್ರೈವೊಂದೇ ಸಿಕ್ಕಿದ್ರೂ ಇಲ್ಲ. ನಾವಿಬ್ರೂ ಇಲ್ಲದ ದಿನ ಮಕ್ಕಳು ಎರಡನ್ನೂ ಸೇರಿಸ್ಕೊಂಡು ತೆಗೀಬಹುದು. ಹಳೇ ಮೊಬೈಲ್ ನಂಬರ್‌ಗಳನ್ನೂ ಬದಲಾಯಿಸಿದ್ವಿ. ಯುಪಿಐ ಪಿನ್ ಮಾತ್ರ ಅದರಲ್ಲೂ ಹಾಕಿಲ್ಲ.

ಎಲ್ಲಾ ಮುಗಿದ ಮೇಲೆ ಪುಟ್ಟಿ ಏನಂದ್ಲು ಗೊತ್ತಾ? "ಅತ್ತೆ, ನಾನು ಮಾಡಿದ್ದು ಕಲಿಯೋಕೆ. ದಿನಾ ಬಳಸೋಕೆ ಕೀಪಾಸ್‌ಎಕ್ಸ್‌ಸಿ ಹಾಕೊಳ್ಳಿ. ದುಡ್ಡಿಲ್ಲ, ತುಂಬಾ ಜನ ಪರೀಕ್ಷೆ ಮಾಡಿರೋದು." ಹಾಗೇ ಮಾಡಿದೀವಿ, ಅದೂ ಇದೇ ಥರ ಕೆಲಸ ಮಾಡುತ್ತೆ. ಒಳಗೇನು ನಡೆಯುತ್ತೆ ಅಂತ ಗೊತ್ತಿರೋದ್ರಿಂದ ನಂಗೆ ಹೆದರಿಕೆ ಇಲ್ಲ.

ಈಗ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕ, ಏಕಾದಶಿ ಅಷ್ಟೇ. ನಿಮ್ಮನೇಲಿ ಪಾಲಿಸಿ ಪಾಸ್‌ವರ್ಡ್ ಯಾರ ತಲೇಲಿದೆ? ಅವರು ಚೆನ್ನಾಗಿ ಕೂತು ಕಾಫಿ ಕುಡೀತಿರೋವಾಗ್ಲೇ ಕೇಳಿಬಿಡಿ.