ಇಂಟು ಮಾರ್ಕ್ ಹೋಗ್ಯಾದ

ಕಂಪ್ಯೂಟರಿನಲ್ಲಿ ಯಾವ ವಿಂಡೋ ತೆರೆದರೂ ಮೂಲೆಯಲ್ಲಿ ಮೂರು ಗುಂಡಿಗಳಿರುತ್ತವೆ. ಒಂದು ಕೆಳಗಿಳಿಸಲು, ಒಂದು ದೊಡ್ಡದು ಮಾಡಲು, ಇನ್ನೊಂದು ಮುಚ್ಚಲು. ಲಿನಕ್ಸನ್ನು ಕನ್ನಡಕ್ಕೆ ತಂದ ಸ್ವಯಂಸೇವಕರು ಇವಕ್ಕೆಲ್ಲ ಪದ ಹುಡುಕಿ ಇಟ್ಟಿದ್ದಾರೆ. ನಮ್ಮ ಕಲಬುರಗಿ ಕಡೆ ಮಾತ್ರ ಅವು ಗೆರೆ, ಚೌಕ, ಇಂಟು ಮಾರ್ಕ್. ಲೆಕ್ಕದ ಮೇಷ್ಟ್ರು ಕಲಿಸಿದ ಇಂಟು.

‘ಅಕ್ಕ, ಇಂಟು ಮಾರ್ಕ್ ಹೋಗ್ಯಾದ’ ಎಂಬ ವಾಟ್ಸ್ಯಾಪ್ ಸಂದೇಶ ಒಂದು ಭಾನುವಾರ ಬೆಳಿಗ್ಗೆ ಬಂತು. ಕಳಿಸಿದವಳು ಕಮಲಾಪುರದ ಹುಡುಗಿ, ಬಿಎ ಕೊನೆಯ ವರ್ಷ. ನಾನು ಸುತ್ತಲ ಹಳ್ಳಿಗಳಲ್ಲಿ ರೆಕಾರ್ಡ್ ಮಾಡಿಕೊಂಡು ಬಂದ ಬೀಸುವ ಪದಗಳನ್ನು ಕೇಳಿ ಕೇಳಿ ಬರೆದುಕೊಡುವುದು ಅವಳ ಕೆಲಸ. ಮುದುಕಿಯರ ಬಾಯಲ್ಲಿ ಅರ್ಧ ಉಳಿದುಬಿಡುವ ಮಾತು ನನ್ನ ಕಿವಿಗಿಂತ ಅವಳ ಕಿವಿಗೆ ಚೆನ್ನಾಗಿ ಸಿಗುತ್ತದೆ. ಫೆಲೋಶಿಪ್ಪಿನ ದುಡ್ಡಿನಲ್ಲಿ ಗಂಟೆಗಿಷ್ಟು ಅಂತ ಕೊಡುತ್ತೇನೆ. ಉಬುಂಟು ಹಾಕಿದ ನನ್ನ ಹಳೆಯ ಲ್ಯಾಪ್‌ಟಾಪೂ ಅವಳ ಮನೆಯಲ್ಲೇ ಇದೆ.

ಫೋನ್ ಮಾಡಿದೆ. ಇಂಟು ಹೋಗಿದ್ದು ಬುಧವಾರ. ನಾಲ್ಕು ದಿನ ಯಾಕೆ ಸುಮ್ಮನಿದ್ದೆ ಅಂದರೆ ಉತ್ತರವಿಲ್ಲ. ಆಮೇಲೆ ಮೆಲ್ಲಗೆ, ‘ನಾ ಏನೂ ಮಾಡಿಲ್ರಿ ಅಕ್ಕ. ಹೊಸಾದು ಹಾಕ್ಲೇನ ಅಂತ ಅದೇ ಕೇಳ್ತು. ನಾ ಹೂಂ ಅಂದೆ’ ಎಂದಳು. ಕಾಲೇಜಿನ ವೈಫೈನಲ್ಲಿ ಕೂತು ಉಬುಂಟು 20.04ನ್ನು 22.04ಕ್ಕೆ ಏರಿಸಿಕೊಂಡಿದ್ದಳು. ಮಾಡಬೇಕಾದ ಕೆಲಸವೇ. ಹಿಂದೆ ಅವಳ ಅಪ್ಪನ ದನಿ ಕೇಳಿಸಿತು. ಫೋನ್ ಇಸಿದುಕೊಂಡು, ‘ಮೇಡಂ, ರಿಪೇರಿಗಿ ಎಷ್ಟ ಆಗ್ತದ ಹೇಳ್ರಿ. ಬಾಳಿ ಮಾರಿದ ಮ್ಯಾಲ ಕೊಡ್ತೀನಿ’ ಅಂದರು. ಜಿಐ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವವರು ಅವರು. ಮೂರು ಗುಂಡಿ ಕಾಣದ್ದಕ್ಕೆ ಒಂದು ಮನೆಯಲ್ಲಿ ಆಗಲೇ ಸಾಲದ ಲೆಕ್ಕ ಶುರುವಾಗಿತ್ತು.

ಇನ್ನೊಂದು ಸಂಗತಿ ಗೊತ್ತಾದಾಗ ನನಗೂ ಎದೆ ಹೊಡೆದುಕೊಂಡಿತು. ಬರೆದದ್ದನ್ನು ಉಳಿಸಲು ಅವಳು ರೂಢಿ ಮಾಡಿಕೊಂಡಿದ್ದು ಒಂದೇ ದಾರಿ. ಇಂಟು ಒತ್ತುವುದು, ಉಳಿಸಲೇ ಎಂದು ಅದು ಕೇಳುವುದು, ಹೂಂ ಅನ್ನುವುದು. ಇಂಟು ಇಲ್ಲವೆಂದರೆ ಉಳಿಸುವುದೂ ಇಲ್ಲ. ಬುಧವಾರ ಬರೆದ ಒಂದಿಡೀ ಹಾಡು ಪರದೆಯ ಮೇಲೆ ಹಾಗೇ ನಿಂತಿತ್ತು. ಯಾರೂ ಕೈ ಹಚ್ಚಬ್ಯಾಡ್ರಿ ಎಂದು ಮನೆಯವರಿಗೆಲ್ಲ ಹೇಳಿ, ಆ ಮುದಿ ಬ್ಯಾಟರಿಯ ಲ್ಯಾಪ್‌ಟಾಪನ್ನು ನಾಲ್ಕು ದಿನ ಚಾರ್ಜರಿಗೆ ಸಿಕ್ಕಿಸಿಯೇ ಕಾದಿದ್ದಳು. ಕರೆಂಟಿನ ದಯೆ ದೊಡ್ಡದು.

‘ಆಲ್ಟ್ ಹಿಡಿ, ಎಫ್ ನಾಲ್ಕು ಒತ್ತು’ ಅಂದೆ. ಆ ಕಡೆ ಒಂದು ಕ್ಷಣ ಮೌನ. ‘ಕೇಳ್ತದ ಅಕ್ಕ, ಉಳಿಸ್ಲೇನ ಅಂತ ಕೇಳ್ತದ!’

ಹಾಡು ಉಳಿಯಿತು. ಇನ್ನು ಗುಂಡಿಯ ಪತ್ತೆ.

ಮೊದಲು ಗುಮಾನಿ ಹೋದದ್ದು ಗ್ನೋಮ್ ಮೇಲೆ, ಅಂದರೆ ಉಬುಂಟುವಿನ ಪರದೆಯನ್ನು ನೋಡಿಕೊಳ್ಳುವ ವ್ಯವಸ್ಥೆಯ ಮೇಲೆ. 2011ರಲ್ಲಿ ಗ್ನೋಮ್ 3 ಬಂದಾಗ ಗೆರೆ ಮತ್ತು ಚೌಕವನ್ನು ತೆಗೆದು ಇಂಟು ಒಂದನ್ನೇ ಉಳಿಸಿದರು. ಬೇಕಾದವರು ಸೆಟ್ಟಿಂಗಿನಲ್ಲಿ ವಾಪಸ್ ತರಿಸಿಕೊಳ್ಳಬಹುದು. ಉಬುಂಟು ತನ್ನ ಬಳಕೆದಾರರಿಗೆ ಮೂರನ್ನೂ ಇಟ್ಟೇ ಕೊಡುತ್ತದೆ. ಆದರೆ ಅವಳು ಕಳಿಸಿದ ಫೋಟೊದಲ್ಲಿ ಕಡತಗಳ ವಿಂಡೋಗೆ ಮೂರೂ ಗುಂಡಿ ಇದ್ದವು. ಹಾಡು ಬರೆಯುವ ತಂತ್ರಾಂಶಕ್ಕೆ ಮಾತ್ರ ಗುಂಡಿಯಿರಲಿ, ತಲೆಪಟ್ಟಿಯೇ ಇರಲಿಲ್ಲ. ಹಿಡಿದು ಸರಿಸಲು ಜಾಗವೇ ಇಲ್ಲ. ಅಂದರೆ ಇದು ಸೆಟ್ಟಿಂಗಿನ ಮಾತಲ್ಲ.

ವಿಂಡೋದ ಚೌಕಟ್ಟನ್ನು ಬಿಡಿಸುವವರು ಯಾರು? 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಹುಟ್ಟಿದ ಎಕ್ಸ್ ವ್ಯವಸ್ಥೆಯ ರೂಢಿಯಲ್ಲಿ ಅದು ಮನೆಯ ಯಜಮಾನನ ಕೆಲಸ. ತಂತ್ರಾಂಶ ತನ್ನ ಒಳಗಿನದಷ್ಟನ್ನು ಬಿಡಿಸುತ್ತದೆ, ಸುತ್ತಲ ಚೌಕಟ್ಟು, ಗುಂಡಿ ಎಲ್ಲವನ್ನೂ ವಿಂಡೋ ಮ್ಯಾನೇಜರ್ ಎಂಬುದು ಕೂಡಿಸುತ್ತದೆ. 2008ರಲ್ಲಿ ಕ್ರಿಸ್ಟಿಯನ್ ಹೋಗ್ಸ್‌ಬರ್ಗ್ ಶುರುಮಾಡಿದ ವೇಲ್ಯಾಂಡ್‌ನಲ್ಲಿ ಚೌಕಟ್ಟನ್ನು ತಂತ್ರಾಂಶ ತಾನೇ ಬಿಡಿಸಿಕೊಳ್ಳಬಹುದು. ‘ನೀನೇ ಬಿಡಿಸು’ ಎಂದು ಕೇಳಿದರೆ ಕೆಡಿಇ ಒಪ್ಪಿಕೊಳ್ಳುತ್ತದೆ. ಗ್ನೋಮ್ ಒಪ್ಪುವುದಿಲ್ಲ, ನಿನ್ನದು ನೀನು ತಾ ಅನ್ನುತ್ತದೆ. ಉಬುಂಟು 20.04ರಲ್ಲಿ ಲಾಗಿನ್ ಆದರೆ ತಾನಾಗಿ ಬರುತ್ತಿದ್ದುದು ಎಕ್ಸ್, 22.04ರಲ್ಲಿ ಸಾಮಾನ್ಯವಾಗಿ ಬರುವುದು ವೇಲ್ಯಾಂಡ್. ಹುಡುಗಿ ಹೂಂ ಅಂದದ್ದು ಇದಕ್ಕೆ.

ಅವಳು ಬಳಸುತ್ತಿದ್ದ ತಂತ್ರಾಂಶ ಕ್ಯೂಟಿ ಎಂಬ ಸಾಮಗ್ರಿಯಿಂದ ಕಟ್ಟಿದ್ದು. ವೇಲ್ಯಾಂಡ್‌ನಲ್ಲಿ ಚೌಕಟ್ಟು ಬಿಡಿಸಲು ಕ್ಯೂಟಿಯಲ್ಲಿ ಪುಟ್ಟದೊಂದು ಪ್ಲಗಿನ್ ಉಂಟು. ಈ ತಂತ್ರಾಂಶದ ಗಂಟು ಕಟ್ಟುವಾಗ ಅದನ್ನು ಸೇರಿಸಿರಲಿಲ್ಲ. (ಅದರ ಹೆಸರು ಬೇಡ. ಪುಕ್ಕಟೆ ಕೊಟ್ಟವರನ್ನು ಬೈಯುವುದು ನನಗೆ ಒಗ್ಗದು.) ಮದುವೆಗೆ ಅಕ್ಕಿಕಾಳು ಗಂಡಿನವರು ತರುತ್ತಾರೆಂದು ಹೆಣ್ಣಿನವರು, ಹೆಣ್ಣಿನವರು ತರುತ್ತಾರೆಂದು ಗಂಡಿನವರು ಸುಮ್ಮನಿದ್ದ ಹಾಗೆ. ಗುಂಡಿಗಳು ಎಲ್ಲೂ ಹೋಗಿರಲಿಲ್ಲ. ಅವನ್ನು ಯಾರೂ ಬಿಡಿಸಿಯೇ ಇರಲಿಲ್ಲ.

ಗುಮಾನಿ ನಿಜವೋ ಎಂದು ನೋಡಲು ಫೋನಿನಲ್ಲೇ ಒಂದು ಪರೀಕ್ಷೆ ಮಾಡಿಸಿದೆ. ಲಾಗೌಟ್ ಆಗಿ, ಪಾಸ್‌ವರ್ಡ್ ಕೇಳುವಾಗ ಕೆಳಗೆ ಕಾಣುವ ಹಲ್ಲಿನ ಚಕ್ರವನ್ನು ಒತ್ತಿ ‘ಉಬುಂಟು ಆನ್ ಎಕ್ಸಾರ್ಗ್’ ಆರಿಸು ಎಂದೆ. ತಲೆಪಟ್ಟಿ ಬಂತು, ಇಂಟೂ ಬಂತು. ಅಲ್ಲಿಗೇ ಬಿಡಬಹುದಿತ್ತು. ಆದರೆ 2025ರ ಅಕ್ಟೋಬರಿನಲ್ಲಿ ಬಂದ ಉಬುಂಟು 25.10ರಲ್ಲಿ ಆ ಆಯ್ಕೆಯನ್ನೇ ತೆಗೆದಿದ್ದಾರೆ. ಇವತ್ತಿನ ಮದ್ದು ಮುಂದಿನ ಏರಿಕೆಯಲ್ಲಿ ಕೈಕೊಟ್ಟರೆ ಹುಡುಗಿ ಮತ್ತೆ ನಾಲ್ಕು ದಿನ ಸುಮ್ಮನಿರುತ್ತಾಳೆ.

ಆ ಸುಮ್ಮನಿರುವಿಕೆಯೇ ನನ್ನನ್ನು ಕಾಡಿದ್ದು. ಇಂಥದ್ದೇನಾದರೂ ಆದರೆ ನಾನು ‘ಏನು ದರಿದ್ರ ತಂತ್ರಾಂಶ’ ಎಂದು ಗೊಣಗುತ್ತೇನೆ. ಅವಳು ‘ನಾ ಏನೂ ಮಾಡಿಲ್ಲ’ ಅನ್ನುತ್ತಾಳೆ. ಜಾಣತನದಲ್ಲಿ ಅವಳು ನನಗಿಂತ ಕಡಿಮೆಯೇನಲ್ಲ. ಲ್ಯಾಪ್‌ಟಾಪ್ ನನ್ನದು, ಅಷ್ಟೇ ವ್ಯತ್ಯಾಸ. ಗುಂಡಿಗಳಿಲ್ಲದ ಪರದೆ ಚೊಕ್ಕ ಕಾಣುತ್ತದೆ ಎನ್ನುವವರಿದ್ದಾರೆ. ಇರಬಹುದು. ಮುಚ್ಚಲು ಬಾರದ ವಿಂಡೋದ ಮುಂದೆ ಕೂತವರಿಗೆ ಆ ಚೊಕ್ಕತನವೇ ಒಂದು ಆಪಾದನೆ.

ಮರುದಿನ ಹುಮನಾಬಾದ್ ಬಸ್ ಹತ್ತಿ ಕಮಲಾಪುರದಲ್ಲಿ ಇಳಿದೆ. ಕೆಲಸ ಐದು ನಿಮಿಷದ್ದು. ತಂತ್ರಾಂಶವನ್ನು ತೆರೆಯುವ ಪುಟ್ಟ ಕಡತದಲ್ಲಿ ‘ಎಕ್ಸೆಕ್’ ಎಂದು ಶುರುವಾಗುವ ಸಾಲೊಂದಿರುತ್ತದೆ. ‘ನೀನು ಎಕ್ಸ್‌ಸಿಬಿ ದಾರಿಯಲ್ಲಿ, ಅಂದರೆ ಎಕ್ಸ್‌ನ ಹಳೆಯ ದಾರಿಯಲ್ಲೇ ಬಾ’ ಎಂದು ಕ್ಯೂಟಿಗೆ ಹೇಳುವ ಮಾತನ್ನು ಅಲ್ಲಿ ಸೇರಿಸಬೇಕು. ವೇಲ್ಯಾಂಡ್‌ನ ಒಳಗೂ ಹಳಬರಿಗಾಗಿ ಎಕ್ಸ್‌ವೇಲ್ಯಾಂಡ್ ಎಂಬ ಪಡಸಾಲೆ ಇಟ್ಟಿದ್ದಾರೆ. ಆ ಮೂಲಕ ಬಂದವರಿಗೆ ಗ್ನೋಮ್ ತಾನೇ ಚೌಕಟ್ಟು ಬಿಡಿಸಿಕೊಡುತ್ತದೆ. ಆ ಸಾಲನ್ನು ನಾನು ಬರೆಯಲಿಲ್ಲ, ಅವಳ ಕೈಲೇ ಬರೆಸಿದೆ. ಕಂಟ್ರೋಲ್ ಮತ್ತು ಎಸ್ ಒತ್ತಿ ಉಳಿಸುವುದನ್ನೂ ಆಗಲೇ ಕಲಿತಳು.

ಅಪ್ಪನಿಗೆ ರಿಪೇರಿಗೆ ಏನೂ ಖರ್ಚಾಗಲಿಲ್ಲ ಎಂದು ನಂಬಿಸಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು. ಹೊರಡುವಾಗ ಒಂದು ಡಜನ್ ಕೆಂಪು ಬಾಳೆಹಣ್ಣು ಕಟ್ಟಿಕೊಟ್ಟರು.

‘ಚೌಕಟ್ಟು ಗ್ನೋಮೇ ಬಿಡಸ್ತದ ಅಂದ್ರ, ಗುಂಡಿ ಯಾವ ಕಡಿಗಿರಬೇಕು ಅಂತ ನಾವು ಹೇಳ್ಲಿಕ್ಕ ಬರ್ತದೇನ್ರಿ ಅಕ್ಕ?’ ಎಂದು ಅವಳು ಕೇಳಿದಳು. ಬರುತ್ತದೆ. 2010ರಲ್ಲಿ ಉಬುಂಟುವಿನವರೇ 10.04ರಲ್ಲಿ ಎಲ್ಲವನ್ನೂ ಎಡಕ್ಕೆ ತಳ್ಳಿ ಊರೆಲ್ಲ ಜಗಳವಾಗಿತ್ತು; 2017ರಲ್ಲಿ ಮತ್ತೆ ಬಲಕ್ಕೆ ತಂದರು. ಗ್ನೋಮ್ ಟ್ವೀಕ್ಸ್ ಎಂಬುದರಲ್ಲಿ ಎಡ, ಬಲ ಎಂದು ಆರಿಸಬಹುದು ಎಂದೆ. ಅವಳು ಎಡಗೈಯವಳು, ಎಡವನ್ನೇ ಆರಿಸಿಕೊಂಡಳು.

ಈಗ ತಿಂಗಳಿಗೊಮ್ಮೆ ಹಾಡುಗಳನ್ನು ನೋಡಲು ಹೋದಾಗ ಆ ಲ್ಯಾಪ್‌ಟಾಪಿನ ಮುಂದೆ ಕೂತರೆ ನನ್ನ ಕೈ ಬಲಮೂಲೆಗೆ ಹೋಗಿ ಖಾಲಿ ಜಾಗ ಒತ್ತುತ್ತದೆ. ‘ಈ ಕಡಿ ಅಕ್ಕ, ಈ ಕಡಿ’ ಎಂದು ಅವಳು ನಗುತ್ತಾಳೆ.