ಅಗಿದು ತಿನ್ನುವ ನೀರು

ಜಪಾನಿನಲ್ಲಿ ಬೇಸಿಗೆ ಬಂತೆಂದರೆ ತೊಕೊರೊತೆನ್ ಎಂಬ ತಿನಿಸು ಅಂಗಡಿಗಳಲ್ಲಿ ಕಾಣಿಸಿಕೊಳ್ಳುತ್ತದೆ. ತೆಂಗುಸ ಎಂಬ ಕೆಂಪು ಜಾತಿಯ ಕಡಲಕಳೆಯನ್ನು ತೊಳೆದು ಒಣಗಿಸಿ, ಅದರ ಬಣ್ಣವೆಲ್ಲ ಬಿಟ್ಟುಹೋಗುವ ತನಕ ಅದನ್ನೇ ಮತ್ತೆ ಮತ್ತೆ ಮಾಡಿ, ಬಳಿಕ ಬಹಳ ಹೊತ್ತು ಕುದಿಸಿ ಸೋಸಿದರೆ ಸಿಗುವ ರಸವು ಆರುತ್ತ ಬಂದಂತೆ ತಾನಾಗಿಯೇ ಹೆಪ್ಪುಗಟ್ಟುತ್ತದೆ. ಹಾಗೆ ಹೆಪ್ಪಾದ ತುಂಡನ್ನು ಒಂದು ತುದಿಗೆ ಜಾಲರಿಯಿರುವ ಉದ್ದನೆಯ ಮರದ ಪೆಟ್ಟಿಗೆಯೊಳಗಿಟ್ಟು, ಅದಕ್ಕೆ ಸರಿಹೊಂದುವ ಮರದ ಹಿಡಿಯಿಂದ ಒಂದೇ ಸಲಕ್ಕೆ ಒತ್ತಿದಾಗ, ಒರಳಿನಿಂದ ಶಾವಿಗೆ ಇಳಿಯುವ ಹಾಗೆ, ಬೆಳಕು ಹಾಯುವ ಎಳೆಗಳು ಬಟ್ಟಲಿಗೆ ಇಳಿಯುತ್ತವೆ. ಟೋಕಿಯೊ ಕಡೆಯವರು ಇದಕ್ಕೆ ವಿನೆಗರ್, ಸೋಯಾ ಸಾಸ್ ಸುರಿದು ಸಾಸಿವೆ ಹಚ್ಚಿಕೊಂಡು ತಿಂದರೆ, ಕ್ಯೋಟೊ ಮತ್ತು ಒಸಾಕಾದ ಕಡೆ ಕಪ್ಪುಸಕ್ಕರೆಯ ಪಾಕ ಹಾಕಿಕೊಳ್ಳುವುದು ರೂಢಿ. ಈ ಎಳೆಗಳ ತೂಕದಲ್ಲಿ ಶೇ. 99ರಷ್ಟು ಬರಿಯ ನೀರೇ ಆಗಿದ್ದು, 100 ಗ್ರಾಂ ತಿಂದರೂ ದೇಹಕ್ಕೆ ಸೇರುವುದು ಸುಮಾರು 2 ಕ್ಯಾಲೊರಿ ಮಾತ್ರ. ಆದರೂ ಅದನ್ನು ಕುಡಿಯಲಾಗದು, ಅಗಿದೇ ತಿನ್ನಬೇಕು.

ಕಡಲಕಳೆ ತಿಂದರೆ ಹೊಟ್ಟೆ ಬೇಗ ತುಂಬುತ್ತದೆ, ಹಸಿವು ಹತೋಟಿಗೆ ಬರುತ್ತದೆ ಎಂಬ ಮಾತಿನ ಬುಡ ಇರುವುದು ಇಲ್ಲಿಯೇ. ಹೊಟ್ಟೆ ತುಂಬಿತು ಎಂಬ ಅರಿವನ್ನು ಮಿದುಳು ಹಲವು ಸುದ್ದಿಗಳನ್ನು ಕೂಡಿಸಿ ಕಟ್ಟಿಕೊಳ್ಳುತ್ತದೆ. ಜಠರದ ಗೋಡೆ ಹಿಗ್ಗಿದಾಗ ಅಲ್ಲಿನ ನರತುದಿಗಳು ಆ ಸುದ್ದಿಯನ್ನು ವೇಗಸ್ ಎಂಬ ಉದ್ದನೆಯ ನರದ ಮೂಲಕ ಮೇಲಕ್ಕೆ ಕಳುಹಿಸುತ್ತವೆ. ಆಹಾರ ಸಣ್ಣ ಕರುಳಿಗೆ ಇಳಿದಾಗ ಅಲ್ಲಿಂದ ಹಾರ್ಮೋನುಗಳು ಹೊರಟು ಇನ್ನು ಸಾಕೆಂದು ತಿಳಿಸುತ್ತವೆ. ಹಸಿವನ್ನು ಕೆರಳಿಸುವ ಗ್ರೆಲಿನ್ ಎಂಬ ಹಾರ್ಮೋನು ಊಟದ ಬಳಿಕ ಇಳಿಮುಖವಾಗುತ್ತದೆ. ಈ ಗ್ರೆಲಿನ್ ಅನ್ನು 1999ರಲ್ಲಿ ಗುರುತಿಸಿದವರು ಜಪಾನಿನವರೇ ಆದ ಕೊಜಿಮಾ ಮತ್ತು ಕಂಗಾವಾ. ಒಂದು ಲೋಟ ನೀರು ಕುಡಿದಾಗಲೂ ಜಠರ ಹಿಗ್ಗುತ್ತದೆಯಾದರೂ ಆ ನೀರು ಬಹುಬೇಗ ಕೆಳಗಿಳಿದುಹೋಗುವುದರಿಂದ ಆ ತೃಪ್ತಿ ನಿಲ್ಲುವುದಿಲ್ಲ. ಕಡಲಕಳೆಯ ನಾರು ಇದೇ ನೀರನ್ನು ತನ್ನ ಜಾಲದಲ್ಲಿ ಹಿಡಿದು, ಅದು ಜಠರದಲ್ಲಿ ತುಸು ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ.

ತೆಂಗುಸದಿಂದ ಬರುವ ಆ ನಾರಿನ ಹೆಸರು ಅಗರ್. ಅದು ಕರಗಬೇಕಾದರೆ ನೀರು ಸುಮಾರು 85 ಡಿಗ್ರಿ ಸೆಲ್ಸಿಯಸ್ ದಾಟಬೇಕು, ಆದರೆ ಹೆಪ್ಪುಗಟ್ಟುವುದು 40 ಡಿಗ್ರಿಗಿಂತ ಕೆಳಗೆ ಇಳಿದ ಮೇಲೆ. ಒಮ್ಮೆ ಗಟ್ಟಿಯಾದದ್ದು ಮತ್ತೆ ನೀರಾಗಬೇಕಾದರೆ ಪುನಃ ಅಷ್ಟೇ ಕಾಯಬೇಕು. ಪ್ರಾಣಿಗಳ ಚರ್ಮ ಮತ್ತು ಮೂಳೆಯಿಂದ ತೆಗೆಯುವ ಜೆಲಟಿನ್ ಬಾಯಿಯ ಬಿಸಿಗೇ ಕರಗಿಹೋಗುತ್ತದೆ, ಅಗರ್ ಹಾಗಲ್ಲ. ಅದನ್ನು ಒಡೆಯುವ ಕಿಣ್ವ, ಅಂದರೆ ಆಹಾರವನ್ನು ಬಿಡಿಸಿ ಅರಗಿಸುವ ರಾಸಾಯನಿಕ, ಮನುಷ್ಯನ ಕರುಳಿನಲ್ಲಿ ಉತ್ಪತ್ತಿಯಾಗುವುದೂ ಇಲ್ಲ. ಹಲ್ಲು ಎಷ್ಟು ಸಣ್ಣದಾಗಿ ಅಗಿಯಿತೋ ಅಷ್ಟೇ ಗಾತ್ರದ ತುಣುಕುಗಳಾಗಿ ಅದು ಒಳಗೆ ಹೋಗುತ್ತದೆ.

ಕೊಂಬು, ವಕಮೆ ಮೊದಲಾದ ಕಂದು ಜಾತಿಯ ಕಳೆಗಳ ದಾರಿ ಬೇರೆ. ಅವುಗಳಲ್ಲಿರುವ ಆಲ್ಜಿನೇಟ್ ಎಂಬ ನಾರನ್ನು 1880ರ ದಶಕದಲ್ಲಿ ಬೇರ್ಪಡಿಸಿದವನು ಸ್ಕಾಟ್ಲೆಂಡಿನ ಕಡಲಕಳೆಗಳ ಮೇಲೆ ಕೆಲಸ ಮಾಡುತ್ತಿದ್ದ ಸ್ಟ್ಯಾನ್‌ಫರ್ಡ್ ಎಂಬ ರಸಾಯನಶಾಸ್ತ್ರಜ್ಞ. ನೀರಿನಲ್ಲಿ ಕದಡಿದ ಆಲ್ಜಿನೇಟ್ ಕುಡಿಯುವಾಗ ಮಂದವಾದ ದ್ರವವಾಗಿದ್ದು, ಜಠರದ ಆಮ್ಲವೋ ಕ್ಯಾಲ್ಸಿಯಮ್ಮೋ ತಾಗಿದೊಡನೆ ಅಲ್ಲಿಯೇ ಗಟ್ಟಿಯಾಗುತ್ತದೆ. ಎದೆಯುರಿಗೆ ವೈದ್ಯರು ಕೊಡುವ ಕೆಲವು ದ್ರವ ಔಷಧಗಳು ಕೆಲಸ ಮಾಡುವುದೂ ಇದೇ ಗುಣದಿಂದ: ಜಠರದಲ್ಲಿರುವ ಪದಾರ್ಥದ ಮೇಲೆ ಆಲ್ಜಿನೇಟಿನ ಪದರವೊಂದು ತೇಲಿ ನಿಂತು ಹುಳಿ ಮೇಲಕ್ಕೆ ಬಾರದಂತೆ ತಡೆಯುತ್ತದೆ.

ಇಷ್ಟೆಲ್ಲ ಸರಿಯಾದರೂ ತೂಕ ಇಳಿಯುತ್ತದೆಯೇ ಎಂಬ ಪ್ರಶ್ನೆಗೆ ಪ್ರಯೋಗಗಳು ಕೊಟ್ಟಿರುವ ಉತ್ತರ ಅಳತೆಯದ್ದು. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ತೂಕ ಹೆಚ್ಚಿದ್ದ 12 ಗಂಡಸರಿಗೆ ಶೇ. 4ರಷ್ಟು ಕಂದು ಕಡಲಕಳೆ ಬೆರೆಸಿದ ಬ್ರೆಡ್ ಕೊಟ್ಟಾಗ, ನಾಲ್ಕು ಗಂಟೆಗಳ ನಂತರದ ಊಟದಲ್ಲಿ ಅವರು ಸೇವಿಸಿದ ಕ್ಯಾಲೊರಿ ಶೇ. 16ರಷ್ಟು ತಗ್ಗಿತ್ತು, ಆದರೆ ಒಂದು ಹೊತ್ತಿನ ಊಟ ತಿಂಗಳುಗಳ ಮಾತನ್ನು ಹೇಳಲಾರದು. ಜಪಾನಿನಲ್ಲಿ ಸಕ್ಕರೆ ಕಾಯಿಲೆಯಿದ್ದ ಅಥವಾ ಅದರ ಅಂಚಿನಲ್ಲಿದ್ದ 76 ಸ್ಥೂಲಕಾಯರ ಮೇಲೆ 12 ವಾರ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸಾಂಪ್ರದಾಯಿಕ ಊಟದ ಜೊತೆಗೆ ಅಗರ್ ತಿಂದವರ ತೂಕ ಸರಾಸರಿ 2.8 ಕಿಲೋ ಇಳಿದರೆ, ಊಟವನ್ನಷ್ಟೇ ಪಾಲಿಸಿದವರದು 1.3 ಕಿಲೋ ಇಳಿಯಿತು. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ 96 ಮಂದಿಯನ್ನು ಸೇರಿಸಿಕೊಂಡು ನಡೆಸಿದ, 2012ರಲ್ಲಿ ಪ್ರಕಟವಾದ ಪ್ರಯೋಗ ಇನ್ನೂ ಹೆಚ್ಚು ಕಲಿಸುತ್ತದೆ. ಎಲ್ಲರೂ ಮಿತಾಹಾರದಲ್ಲಿದ್ದ ಆ 12 ವಾರಗಳಲ್ಲಿ, ಪ್ರತಿ ಊಟಕ್ಕೂ ಮೊದಲು ಆಲ್ಜಿನೇಟ್ ಪಾನೀಯ ಕುಡಿದು ಕೊನೆಯ ತನಕ ಉಳಿದವರು ಇನ್ನೊಂದು ಗುಂಪಿನವರಿಗಿಂತ ಸುಮಾರು 1.7 ಕಿಲೋ ಹೆಚ್ಚು ಇಳಿದರು. ಆದರೆ ನಡುವೆ ಬಿಟ್ಟುಹೋದವರನ್ನೂ ಲೆಕ್ಕಕ್ಕೆ ಹಿಡಿದಾಗ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಖಚಿತವೆನ್ನುವಷ್ಟು ಉಳಿಯಲಿಲ್ಲ. ದಿನಕ್ಕೆ ಮೂರು ಸಲ ಲೋಳೆಯಂಥ ದ್ರವ ಕುಡಿಯುವುದು ಎಲ್ಲರಿಂದ ಆಗುವ ಕೆಲಸವಲ್ಲ. ಪುಡಿಯಾಗಿ, ಮಾತ್ರೆಯಾಗಿ ಮಾರಾಟವಾಗುವ ಕಡಲಕಳೆಗಿಂತ ಬಟ್ಟಲಿನಲ್ಲಿ ಬಂದು ಬಾಯಿಗೆ ಹಿತವಾಗುವ ಕಡಲಕಳೆಯೇ ಹೆಚ್ಚು ನಂಬಿಕೆಗೆ ಅರ್ಹವೆನ್ನಲು ಇದೊಂದು ಕಾರಣ ಸಾಕು.

ಜಪಾನಿನ ಅಡುಗೆಮನೆ ಕಡಲಕಳೆಯನ್ನು ಒಲಿಸಿಕೊಂಡದ್ದು ಹಸಿವನ್ನು ಅಡಗಿಸಲಿಕ್ಕಲ್ಲ, ರುಚಿಗಾಗಿ. ಕೊಂಬು ನೆನೆಸಿದ ಸಾರಿನ ಸವಿಯ ಮೂಲವನ್ನು ಹುಡುಕುತ್ತಲೇ ರಸಾಯನಶಾಸ್ತ್ರಜ್ಞ ಇಕೆಡಾ ಕಿಕುನಾಯೆ 1908ರಲ್ಲಿ ಗ್ಲುಟಮೇಟ್ ಅನ್ನು ಗುರುತಿಸಿ ಉಮಾಮಿ ಎಂಬ ರುಚಿಗೆ ಹೆಸರಿಟ್ಟದ್ದು. ಈ ಒಡನಾಟ ಎಷ್ಟು ಹಳೆಯದೆಂದರೆ, ನೊರಿ ಎಂಬ ಹಾಳೆಯಂಥ ಕಳೆಯ ನಾರನ್ನು ಒಡೆಯಬಲ್ಲ ಜೀನುಗಳು ಕಡಲಿನ ಬ್ಯಾಕ್ಟೀರಿಯಾಗಳಿಂದ ಜಪಾನೀಯರ ಕರುಳಿನ ಬ್ಯಾಕ್ಟೀರಿಯಾಗಳಿಗೆ ದಾಟಿರುವುದನ್ನು 2010ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಒಂದು ಜನಾಂಗದ ಊಟ ಅದರ ಒಡಲೊಳಗಿನ ಸೂಕ್ಷ್ಮಜೀವಿಗಳ ಸ್ವಭಾವವನ್ನೇ ಬದಲಿಸಬಲ್ಲದೆಂಬ ಈ ಸಂಗತಿ ನಿಜಕ್ಕೂ ಬೆರಗು ಹುಟ್ಟಿಸುವಂಥದು. ರುಚಿಯನ್ನೇ ನೆಚ್ಚಿದ ಜಪಾನಿನಲ್ಲೂ 2005ರಲ್ಲಿ ಟಿ.ವಿ. ಕಾರ್ಯಕ್ರಮಗಳ ಪ್ರಭಾವದಿಂದ ಅಗರ್ ಆಹಾರದ ಅಲೆಯೆದ್ದು ಅಂಗಡಿಗಳಲ್ಲಿ ಸರಕೇ ಸಿಗದಂತಾಗಿತ್ತು. ಅಲೆ ಇಳಿದ ಮೇಲೂ ತೊಕೊರೊತೆನ್ ಮೊದಲಿನಂತೆಯೇ ಉಳಿದುಕೊಂಡಿದೆ.

ಹೊಸದಾಗಿ ತಿನ್ನತೊಡಗುವವರು ಅಯೋಡಿನ್ನಿನ ವಿಚಾರವನ್ನು ಮರೆಯುವಂತಿಲ್ಲ. ವಯಸ್ಕರಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಒಣಗಿದ ಕೊಂಬುವಿನ ಒಂದೇ ಗ್ರಾಮಿನಲ್ಲಿ ಇದರ ಹತ್ತಾರು ಪಟ್ಟು ಇರುವುದುಂಟು. ಮಲೆನಾಡಿನಲ್ಲಿ ಅಯೋಡಿನ್ ಸಾಲದೆ ಗಳಗಂಡ ಬರುತ್ತಿದ್ದುದನ್ನು ಕನ್ನಡಿಗರು ಬಲ್ಲರು. ಹೊಕ್ಕೈಡೊ ದ್ವೀಪದ ಕರಾವಳಿಯಲ್ಲಿ ಅದೇ ಗಳಗಂಡ ಕೊಂಬುವಿನ ಅತಿಸೇವನೆಯಿಂದ ಬಂದದ್ದನ್ನು ಅಲ್ಲಿನ ವೈದ್ಯರು 1960ರ ದಶಕದಲ್ಲಿ ದಾಖಲಿಸಿದ್ದಾರೆ. ಥೈರಾಯ್ಡ್ ತೊಂದರೆಯಿರುವವರು ಮತ್ತು ಬಸುರಿಯರು ವೈದ್ಯರನ್ನು ಕೇಳದೆ ಕಂದು ಕಳೆಗಳಿಗೆ ಕೈ ಹಾಕದಿರುವುದೇ ಲೇಸು. ಹಿಜಿಕಿ ಎಂಬ ಕಪ್ಪು ಕಳೆಯಲ್ಲಿ ವಿಷಕಾರಿ ಆರ್ಸೆನಿಕ್ ಇರುವುದರಿಂದ ಅದನ್ನು ತಿನ್ನಬಾರದೆಂದು ಬ್ರಿಟನ್ನಿನ ಆಹಾರ ಸಂಸ್ಥೆ 2004ರಲ್ಲಿ ಎಚ್ಚರಿಸಿತು. ಅಗರ್ ಪುಡಿಯನ್ನು ಒಣದಾಗಿ ನುಂಗುವುದಂತೂ ಅಪಾಯ, ಅದು ಗಂಟಲಲ್ಲೇ ಉಬ್ಬಿಕೊಂಡೀತು.

ಅಗರ್ ಕನ್ನಡಿಗರಿಗೆ ಹೊಸತಲ್ಲ, ಅವರು ಅದನ್ನು ಬಲ್ಲುದು ಚೈನಾ ಗ್ರಾಸ್ ಎಂಬ ಹೆಸರಿನಿಂದ. ರಾಮೇಶ್ವರದ ಆಸುಪಾಸಿನ ಮೀನುಗಾರ ಹೆಂಗಸರು ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಕಡಲಿನಲ್ಲಿ ಮುಳುಗಿ ಬಂಡೆಗಳಿಂದ ಕೀಳುವ ಕಳೆಯಿಂದಲೂ ಅಗರ್ ತಯಾರಾಗುತ್ತದೆ. ಊಟದ ಮಾತು ಬಂದಾಗ ಅವರ ದುಡಿಮೆಯನ್ನು ನೆನೆಯದೆ ಮುಂದೆ ಹೋಗುವುದು ಸಲ್ಲದು. ಕರಾವಳಿಯ ಮುಸ್ಲಿಂ ಮನೆಗಳಲ್ಲಿ ರಂಜಾನಿನ ಸಂಜೆಗಳಿಗೆ ಚೈನಾ ಗ್ರಾಸ್ ಕುದಿಸಿ, ಹಾಲು, ಸಕ್ಕರೆ, ಕೆಲವೊಮ್ಮೆ ಎಳನೀರಿನ ಗಂಜಿ ಸೇರಿಸಿ ತಟ್ಟೆಗೆ ಸುರಿದರೆ, ಕರಾವಳಿಯ ಸೆಕೆಯಲ್ಲೂ ಫ್ರಿಜ್ಜಿನ ಹಂಗಿಲ್ಲದೆ ಅದು ಗಟ್ಟಿಯಾಗುತ್ತದೆ. ದಿನವಿಡೀ ಉಪವಾಸವಿದ್ದವರಿಗೆ ಶಕ್ತಿ ಕೊಡಬೇಕಾದ ತಿನಿಸಾದ್ದರಿಂದ ಅಲ್ಲಿ ಹಾಲು ಸಕ್ಕರೆಗಳು ಇರಲೇಬೇಕಾದವು. ಹಸಿವನ್ನು ಹತೋಟಿಯಲ್ಲಿಡಬೇಕೆನ್ನುವವರು ಮಾತ್ರ ಅವನ್ನು ಬಿಟ್ಟು, 10 ಗ್ರಾಂ ಪೊಟ್ಟಣವೊಂದನ್ನು ಸುಮಾರು ಒಂದು ಲೀಟರ್ ನೀರಿನಲ್ಲಿ ಪೂರ್ತಿ ಕರಗುವ ತನಕ ಕುದಿಸಿ, ಗಟ್ಟಿಯಾದ ಮೇಲೆ ಸಣ್ಣಗೆ ಹೆಚ್ಚಿ, ಸೌತೆಕಾಯಿಯ ಕೋಸಂಬರಿಗೆ ಬೆರೆಸಿ, ನಿಂಬೆರಸ ಹಿಂಡಿ ಒಗ್ಗರಣೆ ಕೊಟ್ಟು, ಊಟಕ್ಕೆ ತುಸು ಮೊದಲು ನಿಧಾನವಾಗಿ ಅಗಿದು ತಿನ್ನಬಹುದು.