ಚಿನ್ನದ ಟೋಪನ್

"ಆಯಿ, ಈ ಸಲ ಡಿಸೆಂಬರಿನಲ್ಲೇ ಬಾ. ಕ್ರಿಸ್‌ಮಸ್ ಸಂತೆ ನೋಡಲಿಕ್ಕಾಗ್ತದೆ" ಎಂದು ಮಗಳು ಫೋನಿನಲ್ಲಿ ಹೇಳಿದಾಗ ನನಗೆ ನಗು ಬಂದಿತ್ತು. ನಾನು ಶಿರಸಿಯವಳು. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆಯ ಗದ್ದಲದಲ್ಲಿ ಬೆಂಡು ಬತ್ತಾಸು ಕೊಂಡು, ಬಳೆ ಇಡಿಸಿಕೊಂಡು, ಕೈತಪ್ಪಿದ ಮಕ್ಕಳನ್ನು ಹುಡುಕುತ್ತ ಬೆಳೆದವಳು. ಅಂಥವಳಿಗೆ ಸಂತೆ ತೋರಿಸಲು ಜರ್ಮನಿಗೆ ಕರೆಯುವುದೆಂದರೆ ಸಮುದ್ರದವರಿಗೆ ಉಪ್ಪು ಮಾರಿದ ಹಾಗೆ. ಆದರೂ ಏಳು ವರ್ಷದ ಮೊಮ್ಮಗಳ ಮುಖ ನೋಡಿ ಎರಡು ವರ್ಷವಾಗಿತ್ತು. ಗಳಿಕೆ ರಜೆ ಬೇಕಾದಷ್ಟು ಉಳಿದಿತ್ತು. ನಮ್ಮವರು ಅಡಿಕೆ ಕೊಯ್ಲು ಬಿಟ್ಟು ಬರಲಾರೆ ಎಂದರು. ಉಪ್ಪಿನಕಾಯಿ ಬಾಟಲಿಯೊಂದಿಗೆ ನಾನೊಬ್ಬಳೇ 2023ರ ನವೆಂಬರ್ ಕೊನೆಗೆ ನ್ಯೂರೆಂಬರ್ಗಿನಲ್ಲಿ ಇಳಿದೆ.

ಆ ಊರಿನ ಸಂತೆಗೆ ಕ್ರಿಸ್ಟ್‌ಕಿಂಡ್ಲೆಸ್‌ಮಾರ್ಕ್ಟ್ ಎಂದು ಹೆಸರು. ಅದನ್ನು ನಾಲಿಗೆಗೆ ಒಗ್ಗಿಸಿಕೊಳ್ಳಲು ನನಗೆ ನಾಲ್ಕು ದಿನ ಹಿಡಿಯಿತು. ಮೊಮ್ಮಗಳು ಪುಟ್ಟಿ ನನ್ನ ಮೇಷ್ಟ್ರಾಗಿ, ತಪ್ಪಿದಾಗಲೆಲ್ಲ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದಳು. ಮೂವತ್ತು ವರ್ಷ ಮಕ್ಕಳ ಉಚ್ಚಾರ ತಿದ್ದಿದ್ದಕ್ಕೆ ಅದು ತಕ್ಕ ಶಾಸ್ತಿ ಎಂದುಕೊಂಡೆ.

ಸಂತೆ ನಡೆಯುವುದು ಊರ ನಡುವಿನ ದೊಡ್ಡ ಚೌಕದಲ್ಲಿ. ಸುಮಾರು 180 ಮರದ ಮಳಿಗೆಗಳು, ಅವುಗಳಿಗೆ ಕೆಂಪು ಬಿಳಿ ಪಟ್ಟೆಯ ಬಟ್ಟೆಯ ಚಾವಣಿ. ಪ್ಲಾಸ್ಟಿಕ್ಕಿನ ತೋರಣ ಕಟ್ಟುವಂತಿಲ್ಲ, ಧ್ವನಿಮುದ್ರಿತ ಹಾಡು ಹಾಕುವಂತಿಲ್ಲ ಎಂದು ನಗರಸಭೆಯ ಕಟ್ಟುಪಾಡು. ನಮ್ಮ ಜಾತ್ರೆಯ ಧ್ವನಿವರ್ಧಕಗಳನ್ನು ನೆನೆದು ಆ ನಗರಸಭೆಗೆ ಮನಸ್ಸಿನಲ್ಲೇ ಕೈಮುಗಿದೆ. ಈ ಸಂತೆ ಎಷ್ಟು ಹಳೆಯದು ಎಂಬುದಕ್ಕೆ ಸಿಕ್ಕ ಮೊದಲ ಲಿಖಿತ ಆಧಾರ ಒಂದು ಪುಟ್ಟ ಮರದ ಡಬ್ಬಿಯಂತೆ. ಹೆಂಗಸೊಬ್ಬಳು ಇನ್ನೊಬ್ಬಳಿಗೆ ಈ ಸಂತೆಯ ಉಡುಗೊರೆಯೆಂದು ಅದನ್ನು ಕಳಿಸಿ, 1628 ಎಂದು ಇಸವಿ ಬರೆದಿದ್ದಾಳೆ. ಡಬ್ಬಿ ಈಗ ಅದೇ ಊರಿನ ವಸ್ತುಸಂಗ್ರಹಾಲಯದಲ್ಲಿದೆ. ನೋಡಿ, ಸಾಮಾನಿನ ಮೇಲೆ ಹೆಸರು ಬರೆದಿಡುವ ನಮ್ಮ ಹೆಂಗಸರ ಚಾಳಿಯನ್ನು ಗಂಡಸರು ಎಷ್ಟು ಹಾಸ್ಯ ಮಾಡುತ್ತಾರೆ! ಚರಿತ್ರೆಗೆ ಅದೇ ಆಧಾರವಾಯಿತು.

ಡಿಸೆಂಬರ್ 1ರ ಶುಕ್ರವಾರ ಸಂಜೆ ಸಂತೆಯ ಉದ್ಘಾಟನೆ. ಸೀರೆಯ ಮೇಲೆ ಅಳಿಯನ ದಪ್ಪ ಕೋಟು, ತಲೆಗೆ ಮಗಳ ಉಲ್ಲನ್ ಟೋಪಿ, ಕಾಲಿಗೆ ಎರಡು ಜೊತೆ ಕಾಲುಚೀಲ. ಒಟ್ಟಿನಲ್ಲಿ ನಾನು ಯಾವ ದೇಶದವಳೆಂದು ನನಗೇ ಅನುಮಾನ ಬರುವ ವೇಷ. ಐದೂವರೆಯಾಗುತ್ತಿದ್ದಂತೆ ಚೌಕದ ದೀಪಗಳೆಲ್ಲ ಆರಿದವು. ಅಷ್ಟು ಸಾವಿರ ಜನ ಒಮ್ಮೆಗೇ ಸುಮ್ಮನಾದರು. ಎದುರಿನ ಫ್ರೌಎನ್‌ಕಿರ್ಶೆ ಎಂಬ ಇಗರ್ಜಿಯ ಎತ್ತರದ ಮೊಗಸಾಲೆಯ ಮೇಲೆ ಬೆಳಕು ಬಿದ್ದಾಗ ಅಲ್ಲೊಬ್ಬಳು ಹುಡುಗಿ ನಿಂತಿದ್ದಳು. ಬಿಳಿ ಮತ್ತು ಹೊಂಬಣ್ಣದ ಉಡುಗೆ, ತಲೆಯ ಮೇಲೆ ಎತ್ತರದ ಕಿರೀಟ, ಭುಜದ ಮೇಲೆ ಇಳಿಬಿದ್ದ ಚಿನ್ನದ ಬಣ್ಣದ ಗುಂಗುರು ಕೂದಲು. ಅವಳೇ ಕ್ರಿಸ್ಟ್‌ಕಿಂಡ್. ಉಡುಗೊರೆ ತರುವ ದೇವಶಿಶು. ದೊಡ್ಡವರನ್ನೂ ಮಕ್ಕಳನ್ನೂ ಸಂತೆಗೆ ಕರೆಯುವ ಪದ್ಯವೊಂದನ್ನು ಅವಳು ಬಾಯಿಪಾಠ ಹೇಳಿದಳು. ಯುದ್ಧದಲ್ಲಿ ಈ ಊರು ಸುಟ್ಟು ಬೂದಿಯಾಗಿತ್ತು. 1945ರ ಜನವರಿ 2ರ ಒಂದೇ ರಾತ್ರಿಯ ಬಾಂಬಿಗೆ ಹಳೆಯ ಪೇಟೆಯ ಬಹುಪಾಲು ನೆಲಸಮವಾಯಿತು. 1948ರಲ್ಲಿ ಸಂತೆ ಮತ್ತೆ ನೆರೆದಾಗ ಬರೆದ ಪದ್ಯ ಅದು. ನನಗೆ ಒಂದಕ್ಷರ ತಿಳಿಯಲಿಲ್ಲ. ಆದರೆ ಮಾತು ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎತ್ತಬೇಕು ಎಂದು ಯಾರೋ ಚೆನ್ನಾಗಿ ಕಲಿಸಿದ್ದಾರೆ ಎಂಬುದು ಮಾತ್ರ ಈ ಮಾಸ್ತರಿಣಿಗೆ ತಿಳಿಯಿತು. ಅಪ್ಪನ ಹೆಗಲ ಮೇಲಿದ್ದ ಪುಟ್ಟಿ ಬಾಯಿ ತೆರೆದುಕೊಂಡು ನೋಡುತ್ತಿದ್ದಳು.

ಮೊದಲೆಲ್ಲ ನಟಿಯರು ಈ ಪಾತ್ರ ಮಾಡುತ್ತಿದ್ದರಂತೆ. 1969ರಿಂದ ಎರಡು ವರ್ಷಕ್ಕೊಮ್ಮೆ ಊರಿನ ಹುಡುಗಿಯೊಬ್ಬಳನ್ನು ಆರಿಸುತ್ತಾರೆ. ವಯಸ್ಸು 16ರಿಂದ 19, ಎತ್ತರ ಕನಿಷ್ಠ 160 ಸೆಂಟಿಮೀಟರ್. ಎತ್ತರದಲ್ಲಿ ನಿಂತರೆ ತಲೆಸುತ್ತು ಬರಬಾರದು ಎಂಬುದೂ ಒಂದು ನಿಯಮ. ಅಷ್ಟು ಮೇಲೆ ನಿಲ್ಲಬೇಕಲ್ಲ! ಎತ್ತರಕ್ಕೇರಿದರೆ ತಲೆ ತಿರುಗದವರನ್ನೇ ಆರಿಸಬೇಕೆಂಬ ಈ ನಿಯಮ ಇನ್ನೂ ಕೆಲವು ಹುದ್ದೆಗಳಿಗೆ ಇದ್ದಿದ್ದರೆ ಎಷ್ಟು ಚೆನ್ನಿತ್ತು ಎಂದು ಅಳಿಯನಿಗೆ ಹೇಳಿದೆ.

ಮರುದಿನದಿಂದ ಸಂತೆ ಸುತ್ತುವುದೇ ನನ್ನ ಕೆಲಸವಾಯಿತು. ಒಣಗಿಸಿದ ಪ್ಲಮ್ ಹಣ್ಣನ್ನು ತಂತಿಗೆ ಪೋಣಿಸಿ ಕೈಕಾಲು ಮಾಡಿ, ತಲೆ ಇಟ್ಟು, ಅಂಗಿ ತೊಡಿಸಿದ ಗೊಂಬೆಗಳನ್ನು ಮಾರುತ್ತಾರೆ. ಸುಕ್ಕುಗಟ್ಟಿದ ಅಜ್ಜ, ಸುಕ್ಕುಗಟ್ಟಿದ ಅಜ್ಜಿ. "ಅಮ್ಮಮ್ಮ, ಇದು ನೀನು" ಎಂದಳು ಪುಟ್ಟಿ. ಹೊಳೆಯುವ ಚಿನ್ನದ ಬಣ್ಣದ ತಗಡಿನ ನೆರಿಗೆಯ ಲಂಗ ತೊಟ್ಟ ಕಿನ್ನರಿಯರಿದ್ದಾರೆ. ಬಿಸಿ ದ್ರಾಕ್ಷಾರಸವನ್ನು ಪಿಂಗಾಣಿ ಲೋಟದಲ್ಲಿ ಕೊಡುತ್ತಾರೆ. ಲೋಟಕ್ಕೆ ಮೊದಲೇ ಠೇವಣಿ ಇಡಬೇಕು, ಹಿಂದಿರುಗಿಸಿದರೆ ಹಣ ವಾಪಸು. ನಾನು ಮಕ್ಕಳಿಗಾಗಿ ಮಾಡುವ ಮದ್ಯವಿಲ್ಲದ ಬಿಸಿ ಹಣ್ಣಿನ ರಸ ಕುಡಿದೆ. ಇನ್ನು, ಬೆರಳುದ್ದದ ಮಾಂಸದ ಸುರುಳಿಗಳನ್ನು ಮೂರು ಮೂರಾಗಿ ಬ್ರೆಡ್ಡಿನೊಳಗಿಟ್ಟು ಮಾರುವ ಕಡೆ ಮೂಗು ಮುಚ್ಚಿಕೊಂಡು ಬೇಗ ಬೇಗ ನಡೆದೆ.

ಮೂಗು ತೆರೆದದ್ದು ಲೆಬ್‌ಕೂಹೆನ್ ಮಳಿಗೆಯ ಮುಂದೆ. ಏಲಕ್ಕಿ! ಲವಂಗ, ದಾಲ್ಚಿನ್ನಿ! ಒಂದು ಕ್ಷಣ ಶಿರಸಿ ಪೇಟೆಯ ಸಂಬಾರ ವ್ಯಾಪಾರಿಗಳ ಅಂಗಡಿಯ ಮುಂದೆ ನಿಂತಂತಾಯಿತು. ಜೇನು ಮತ್ತು ಮಸಾಲೆ ಹಾಕಿ ಬೇಯಿಸುವ ಈ ಬಿಲ್ಲೆ ಆ ಊರಿನ ಹೆಮ್ಮೆ. ಸುತ್ತಲಿನ ಕಾಡಿನ ಜೇನು, ವೆನಿಸ್ ದಾರಿಯಾಗಿ ಬರುತ್ತಿದ್ದ ಪೂರ್ವದೇಶದ ಸಂಬಾರ ಎರಡೂ ಸೇರಿ ಮಧ್ಯಯುಗದಲ್ಲಿ ಹುಟ್ಟಿದ ತಿಂಡಿ. ಉತ್ತಮ ದರ್ಜೆಯದರಲ್ಲಿ ಹಿಟ್ಟು ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇರಬಾರದು, ಬಾದಾಮಿಯಂಥ ಬೀಜ ಇಪ್ಪತ್ತೈದಕ್ಕಿಂತ ಕಡಿಮೆ ಇರಬಾರದು. ಮೊಟ್ಟೆ ಹಾಕಿದ್ದಾರೋ ಎಂದು ನಾನು ಕೇಳಲಿಲ್ಲ. ಕೇಳಿದರೆ ತಿನ್ನುವಂತಿರಲಿಲ್ಲ. ತಿನ್ನುತ್ತ, ನಮ್ಮ ಘಟ್ಟದ ಸಂಬಾರದ ಬಗ್ಗೆ, ಮೆಣಸಿನ ವ್ಯಾಪಾರದಿಂದ ಪೋರ್ಚುಗೀಸರಿಗೆ ಹೆಸರು ಗೊತ್ತಾಗಿದ್ದ ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಬಗ್ಗೆ ಪುಟ್ಟಿಗೆ ಪಾಠ ಶುರು ಮಾಡಿದೆ. "ಅವರು ಅವಳನ್ನು ಮೆಣಸಿನ ರಾಣಿ ಅಂತ ಕರೀತಿದ್ರು" ಎಂದೆ.

"ರಾಣಿ ನೋಡಲಿಕ್ಕೆ ಹೇಗಿದ್ಲು?"

"ಯಾರಿಗೆ ಗೊತ್ತು, ನಾನೂರು ವರ್ಷದ ಮೇಲಾಯ್ತು" ಎಂದೆ. ಆ ಪ್ರಶ್ನೆ ಮುಳ್ಳಿನಂತೆ ಎಲ್ಲೋ ಚುಚ್ಚಿತು. ಆಗ ಅದು ಏನೆಂದು ಹೊಳೆಯಲಿಲ್ಲ.

ಚೌಕದ ಒಂದು ಮೂಲೆಯಲ್ಲಿ ಗೋಪುರದಂಥ ಹಳೆಯ ಕಾರಂಜಿಯಿದೆ. ಅದರ ಕಬ್ಬಿಣದ ಜಾಲರಿಗೆ ಒಂದು ಹಿತ್ತಾಳೆ ಬಳೆ ಸಿಕ್ಕಿಸಿದ್ದಾರೆ. ಅದನ್ನು ತಿರುಗಿಸಿ ಏನಾದರೂ ಬೇಡಿಕೊಂಡರೆ ಈಡೇರುತ್ತದೆಂದು ನಂಬಿಕೆ. ಹರಕೆ ಹೇಳಿಕೊಳ್ಳುವುದರಲ್ಲಿ ಅವರೂ ನಮ್ಮವರೇ. ಪುಟ್ಟಿಯನ್ನು ಎತ್ತಿ ಹಿಡಿದೆ. ಅವಳು ಕಣ್ಣು ಮುಚ್ಚಿ ಮೂರು ಸಲ ತಿರುಗಿಸಿದಳು. ಏನು ಬೇಡಿಕೊಂಡೆ ಎಂದರೆ ಮೊದಲು ಹೇಳಲಿಲ್ಲ. ಆಮೇಲೆ ನನ್ನ ಕಿವಿಯಲ್ಲಿ, "ನಾನು ದೊಡ್ಡವಳಾದ ಮೇಲೆ ಕ್ರಿಸ್ಟ್‌ಕಿಂಡ್ ಆಗಬೇಕು. ಆದರೆ ನಮ್ಮ ಕ್ಲಾಸಿನ ಹುಡುಗಿ ಆಗೋದಿಲ್ಲ ಅಂದಳು. ನಾನು ಕಪ್ಪಲ್ವಾ, ನನ್ನ ಕೂದಲೂ ಕಪ್ಪಲ್ವಾ" ಎಂದಳು. ಅಳಲಿಲ್ಲ. ಮಳೆ ಬರುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದಳು. ಅದೇ ನನಗೆ ತಡೆಯಲಾಗಲಿಲ್ಲ.

ಮನೆಗೆ ಬಂದು ಮಗಳಿಗೆ ಹೇಳಿದೆ. ಅವಳು ಪುಟ್ಟಿಯನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಹಳೆಯ ಫೋಟೋ ತೋರಿಸಿದಳು. 2019ರಲ್ಲಿ ಆ ಊರಿನವರು ಆರಿಸಿದ ಹುಡುಗಿಯ ಹೆಸರು ಬೆನಿಗ್ನಾ ಮುನ್ಸಿ, ವಯಸ್ಸು 17. ನ್ಯೂರೆಂಬರ್ಗಿನ ಹುಡುಗಿ. ತಂದೆ ಭಾರತದಿಂದ ಬಂದವರು. ಆಗ ಬಲಪಂಥದ ಪಕ್ಷವೊಂದರ ಸ್ಥಳೀಯ ಘಟಕ ಅವಳ ರೂಪವನ್ನು ಹೀಗಳೆದು ಫೇಸ್‌ಬುಕ್ಕಿನಲ್ಲಿ ಕುಹಕದ ಮಾತು ಬರೆಯಿತು. ಜನ ಸಿಟ್ಟಿಗೆದ್ದರು, ಬರೆದದ್ದನ್ನು ಅಳಿಸಬೇಕಾಯಿತು. ಊರು ಹುಡುಗಿಯ ಬೆನ್ನಿಗೆ ನಿಂತಿತು. ಅವಳು ಮೊಗಸಾಲೆಯ ಮೇಲೆ ನಿಂತು ಪದ್ಯ ಹೇಳಿದಳು. "ಅಷ್ಟೇ ಅಲ್ಲ ಪುಟ್ಟಿ, ಆ ಚಿನ್ನದ ಕೂದಲು ಯಾರದ್ದೂ ಅಲ್ಲ. ಯಾರು ಬಂದರೂ ಟೋಪನ್ನೇ ಹಾಕ್ತಾರೆ" ಎಂದಳು ಮಗಳು. ಪುಟ್ಟಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನನಗೂ ಆಗ್ತದೆ!" ಎಂದು ನನ್ನ ಉಲ್ಲನ್ ಟೋಪಿ ತಲೆಗೆ ಹಾಕಿಕೊಂಡು ಕುರ್ಚಿ ಹತ್ತಿದಳು.

ಅವರಿಬ್ಬರೂ ನಗುತ್ತಿದ್ದರು. ನನಗೆ ನಗಲಾಗಲಿಲ್ಲ. ಮುಳ್ಳು ಎಲ್ಲಿ ಚುಚ್ಚಿತ್ತೆಂದು ಈಗ ತಿಳಿದಿತ್ತು.

1997ರ ಮಾತು. ಶಾಲೆಯ ಗ್ಯಾದರಿಂಗಿಗೆ ನಾನೇ ಚೆನ್ನಭೈರಾದೇವಿಯ ನಾಟಕ ಬರೆದಿದ್ದೆ. ಎಂಟನೆಯ ತರಗತಿಯ ಒಬ್ಬ ಹುಡುಗಿ, ದರ್ಜಿಯ ಮಗಳು, ಮೂರೇ ದಿನದಲ್ಲಿ ರಾಣಿಯ ಮಾತನ್ನೆಲ್ಲ ಬಾಯಿಪಾಠ ಮಾಡಿದ್ದಳು. ಅವಳು ದನಿ ಎತ್ತಿದರೆ ಪಕ್ಕದ ಕೋಣೆಯ ಗಣಿತದ ಮೇಷ್ಟ್ರು ಪಾಠ ನಿಲ್ಲಿಸಿ ಕೇಳುತ್ತಿದ್ದರು. ಹುಡುಗಿ ಕಪ್ಪಗಿದ್ದಳು. ನಾನು ರಾಣಿಯ ಪಾತ್ರವನ್ನು ಮಾತು ಮರೆಯುವ, ಬೆಳ್ಳಗಿನ ಇನ್ನೊಬ್ಬಳಿಗೆ ಕೊಟ್ಟೆ. ಯಾರೂ ಒತ್ತಾಯ ಮಾಡಿರಲಿಲ್ಲ. ರಾಣಿ ಎಂದರೆ ಬೆಳ್ಳಗಿರಬೇಕು ಎಂದು ನನ್ನ ತಲೆಯೊಳಗೇ ಇತ್ತು. ದರ್ಜಿಯ ಮಗಳನ್ನು ಪರದೆಯ ಹಿಂದೆ ನಿಲ್ಲಿಸಿ, ಮರೆತಲ್ಲಿ ಮಾತು ಎತ್ತಿಕೊಡುವ ಕೆಲಸ ಕೊಟ್ಟೆ. ಅಂದು ರಾಣಿಯ ಮಾತಿನಲ್ಲಿ ಅರ್ಧ ಬಂದದ್ದು ಪರದೆಯ ಹಿಂದಿನಿಂದಲೇ. ಅವಳೂ ಅಳಲಿಲ್ಲ. "ಆಯ್ತು ಅಕ್ಕೋರೇ" ಎಂದಿದ್ದಳು. ಪುಟ್ಟಿ ಹೇಳಿದ ಹಾಗೆಯೇ, ಮಳೆ ಬರುತ್ತದೆ ಎನ್ನುವ ಹಾಗೆ.

ಆ ಪಕ್ಷದವರನ್ನು ಬೈಯಲು ನನ್ನ ನಾಲಿಗೆ ಏಳಲಿಲ್ಲ. ಅವರು ಬರೆದಿದ್ದನ್ನಾದರೂ ಅಳಿಸಿದರು. ನಾನು ಬರೆದಿರಲೇ ಇಲ್ಲ, ಅಳಿಸುವುದೇನನ್ನು?

ಹೊರಡುವ ಮುಂಚೆ ಒಂದು ದಿನ ಆ ಇಗರ್ಜಿಯ ಒಳಗೆ ಹೋದೆ. ಅದು ನಿಂತಿರುವ ಜಾಗದಲ್ಲಿ ಮೊದಲು ಯೆಹೂದ್ಯರ ಪ್ರಾರ್ಥನಾಮಂದಿರವಿತ್ತು. ಸಂತೆ ನೆರೆಯುವ ಚೌಕವೇ ಅವರ ಕೇರಿಯಾಗಿತ್ತು. 1349ರಲ್ಲಿ ಊರಿಗೆ ಮಾರುಕಟ್ಟೆ ಬೇಕೆಂದು, ರಾಜನ ಒಪ್ಪಿಗೆ ಪಡೆದು, ಕೇರಿಯನ್ನು ಕೆಡವಿ ನೂರಾರು ಜನರನ್ನು ಕೊಂದರು. ಒಳಗೆ ನೆಲದಲ್ಲಿ ಆರು ಮೂಲೆಯ ನಕ್ಷತ್ರವನ್ನು ಅವರ ನೆನಪಿಗಾಗಿ ಕೂರಿಸಿದ್ದಾರೆ. ದೊಡ್ಡದೇನಲ್ಲ, ಆದರೆ ಮುಚ್ಚಿಟ್ಟಿಲ್ಲ. ಹೊರಗೆ ಏಲಕ್ಕಿಯ ಪರಿಮಳ, ಮಕ್ಕಳ ಕಲರವ. ಸಂತೆಯ ಸಂತೋಷ ಸುಳ್ಳಲ್ಲ, ನೆಲದ ನಕ್ಷತ್ರವೂ ಸುಳ್ಳಲ್ಲ. ತಾನು ಮಾಡಿದ ತಪ್ಪನ್ನು ಒಂದು ಊರು ಒಪ್ಪಿಕೊಂಡು ನೆಲದಲ್ಲಿ ಬರೆದಿಡಬಹುದಾದರೆ, ಒಬ್ಬ ಮಾಸ್ತರಿಣಿಗೇನು ಅಡ್ಡಿ ಎನಿಸಿತು.

ಊರಿಗೆ ಬಂದ ಮೂರನೆಯ ದಿನ ಒಂದು ಡಬ್ಬಿ ಲೆಬ್‌ಕೂಹೆನ್ ಹಿಡಿದು ಹೊರಟೆ. ಆ ಹುಡುಗಿ ಈಗ ಅಪ್ಪನ ಹೊಲಿಗೆ ಅಂಗಡಿಯನ್ನೇ ನಡೆಸುತ್ತಾಳೆ. ಆ ದಾರಿಯಲ್ಲಿ ಎಷ್ಟೋ ವರ್ಷ ಓಡಾಡಿದ್ದೇನೆ, ರವಿಕೆ ಮಾತ್ರ ಬೇರೆ ಕಡೆ ಹೊಲಿಸಿದ್ದೇನೆ. ಏಕೆಂದು ನನಗೆ ನಾನೇ ಕೇಳಿಕೊಂಡಿರಲಿಲ್ಲ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತುಗಳೆಲ್ಲ ಅವಳ ಮುಂದೆ ಮರೆತುಹೋದವು. ಎತ್ತಿಕೊಡಲು ಪರದೆಯ ಹಿಂದೆ ಯಾರೂ ಇರಲಿಲ್ಲ. "ಆ ನಾಟಕದಲ್ಲಿ ರಾಣಿ ನೀನಾಗಬೇಕಿತ್ತು. ನಾನು ತಪ್ಪು ಮಾಡಿದೆ" ಎಂದಷ್ಟೇ ಹೇಳಿದೆ.

ಅವಳು ಹೊಲಿಗೆ ಯಂತ್ರದ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಯಾವ ನಾಟಕ ಎಂದು ಕೇಳಲಿಲ್ಲ. "ಬಿಡಿ ಅಕ್ಕೋರೇ, ಎಷ್ಟು ವರ್ಷ ಆಯ್ತು" ಎಂದಳು. ಇಪ್ಪತ್ತಾರು ವರ್ಷ ಎಂದು ಇಬ್ಬರಿಗೂ ಗೊತ್ತಿತ್ತು. ಡಬ್ಬಿ ತೆರೆದು ಒಂದು ಚೂರು ಬಾಯಿಗಿಟ್ಟುಕೊಂಡು, "ಇದ್ರಲ್ಲಿ ಏಲಕ್ಕಿ ಐತಲ್ರೀ" ಎಂದಳು. ಕ್ಷಮಿಸಿದಳೋ ಇಲ್ಲವೋ ನಾನು ಕೇಳಲಿಲ್ಲ. ಅದನ್ನೂ ಕೇಳಿ ಅವಳಿಂದ ಇನ್ನೊಂದು "ಆಯ್ತು ಅಕ್ಕೋರೇ" ಪಡೆಯುವುದು ಬೇಡವೆನಿಸಿತು.

ಈಗ ಗ್ಯಾದರಿಂಗಿಗೆ ಪಾತ್ರ ಹಂಚುವಾಗ ನಾನು ಮಕ್ಕಳಿಗೆ ಬೆನ್ನು ತಿರುಗಿಸಿ, ಕಣ್ಣು ಮುಚ್ಚಿ ಕೂರುತ್ತೇನೆ. ಬರೀ ದನಿ ಕೇಳಿ ಗುರುತು ಹಾಕಿಕೊಳ್ಳುತ್ತೇನೆ. ಅಕ್ಕೋರಿಗೆ ವಯಸ್ಸಾಯಿತು, ನಿದ್ದೆ ಮಾಡುತ್ತಾರೆ ಎಂದು ಹಿಂದಿನ ಬೆಂಚಿನವರು ಕಿಸಿಕಿಸಿ ನಗುತ್ತಾರೆ. ನಗಲಿ. ಕಿರೀಟ, ಟೋಪನ್ನು ಎಲ್ಲ ಬಾಡಿಗೆಗೆ ಸಿಗುತ್ತವೆ.